ಕತ್ತರಿಸಿದ ಚಾಸಿಯ ಭಾರ ಹೊರುವವರು ಯಾರು?

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಶೇಡಬಾಳದಿಂದ ಉಗಾರ, ಕಾಗವಾಡ, ಮಿರಜಗಳತ್ತ ಸಾಗುವ ರಸ್ತೆಗಳಿಗೆ ಹಗಲಿರುಳೂ ಬಿಡುವಿರುವುದಿಲ್ಲ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಲಾರಿಗಳ ನಡುವೆ ಹಾಲು, ತರಕಾರಿ, ಗೊಬ್ಬರದ ಚೀಲಗಳನ್ನು ಹೊತ್ತ ಪಿಕಪ್ ವಾಹನಗಳೂ ಓಡುತ್ತಿರುತ್ತವೆ. ಸಣ್ಣ ಹಿಡುವಳಿಯ ರೈತನಿಗೆ ಪಿಕಪ್ ದೊಡ್ಡ ಆಸರೆ. ಅದರ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ಆದರೆ ಅದರ ಹಿಂಭಾಗವನ್ನು ನೆಲಕ್ಕೆ ತಗ್ಗಿಸುವ ಸಲುವಾಗಿ ಚಾಸಿಯನ್ನೇ ಕತ್ತರಿಸುವ ಮಾರ್ಪಾಡಿನ ಬಗ್ಗೆ ಸುಮ್ಮನಿರುವುದು ಸಾಧ್ಯವಿಲ್ಲ.

ಮಲೆಯವರ ಪತ್ರಿಕೆಗೆ ಕೃಷ್ಣಾತೀರದ ಬಯಲಿನ ವಾಹನಗಳ ಗೊಡವೆ ಏಕೆಂದು ಕೆಲವರು ಕೇಳಬಹುದು. ಬಯಲಿನ ಸರಕು ಬಯಲಿನಲ್ಲೇ ನಿಲ್ಲುವುದಿಲ್ಲ. ಸಂಕೇಶ್ವರ, ಆಜರಾ ಮಾರ್ಗವಾಗಿ ಅಂಬೋಲಿ ಘಟ್ಟವನ್ನಿಳಿದು ಕೊಂಕಣಕ್ಕೆ ಹೋಗುವ ದಾರಿ ನಮ್ಮ ಸಹ್ಯಾದ್ರಿಯದೇ. ಸಮತಟ್ಟಾದ ನೆಲದಲ್ಲಿ ಗಮನಕ್ಕೆ ಬಾರದ ದೋಷ ಘಟ್ಟದ ತಿರುವಿನಲ್ಲಿ ಹೊರಬೀಳುತ್ತದೆ.

ಮೊದಲು ಈ ಮಾರ್ಪಾಡು ಏನೆಂಬುದನ್ನು ತಿಳಿಯೋಣ. ಪಿಕಪ್ಪಿನ ಹಿಂದಿನ ಆಕ್ಸಲ್ ಉಕ್ಕಿನ ಪಾಟಾಗಳ ಮೂಲಕ ಚಾಸಿಗೆ ಜೋಡಣೆಯಾಗಿರುತ್ತದೆ. ಆಕ್ಸಲ್ಲಿಗೂ ಚಾಸಿಗೂ ನಡುವೆ ಉಳಿಸಿರುವ ತೆರವು ವ್ಯರ್ಥವಾದ ಜಾಗವಲ್ಲ. ಗುಂಡಿ ಬಿದ್ದಾಗ ಚಕ್ರ ಮೇಲೆದ್ದು ಇಳಿಯಲು ಅದು ಬೇಕು. ಪಾಟಾದ ಕೆಳಗಿರುವ ಆಕ್ಸಲ್ಲನ್ನು ಅದರ ಮೇಲಕ್ಕೆ ಏರಿಸಿ, ಅಥವಾ ನಡುವೆ ಕಬ್ಬಿಣದ ತುಂಡು ಇಟ್ಟು ವಾಹನವನ್ನು ತಗ್ಗಿಸಿದರೆ ಆ ತೆರವು ಕುಗ್ಗಿ, ಆಕ್ಸಲ್ ಚಾಸಿಗೆ ಬಡಿಯತೊಡಗುತ್ತದೆ. ಅದನ್ನು ತಪ್ಪಿಸಲು ಚಾಸಿಯ ಕೆಳಅಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚು ಕೊಯ್ದು, ಮೇಲೊಂದು ತಗಡು ಬೆಸುಗೆ ಹಾಕುತ್ತಾರೆ. ಅಮೆರಿಕದಲ್ಲಿ ಹವ್ಯಾಸಿಗಳು ಪ್ರದರ್ಶನದ ವಾಹನಗಳಿಗೆ ಮಾಡಿಕೊಳ್ಳುವ ಕೆಲಸವಿದು. ದಿನವೂ ಹೊರೆ ಹೊರಬೇಕಾದ ವಾಹನಕ್ಕೆ ಇದು ಹೊಂದುವಂಥದ್ದಲ್ಲ.

ಏಕೆಂದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ತೊಲೆಯ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ. 150 ಮಿಲಿಮೀಟರ್ ಎತ್ತರದ ಪಟ್ಟಿಯಲ್ಲಿ 50 ಮಿಲಿಮೀಟರ್ ಕೊಯ್ದರೆ ಮೂರನೆಯ ಒಂದು ಭಾಗ ಹೋಯಿತೆಂದು ಕಣ್ಣಿಗೆ ತೋರುತ್ತದೆ. ಶಕ್ತಿಯಲ್ಲಿ ಉಳಿಯುವುದು ಒಂಬತ್ತರಲ್ಲಿ ನಾಲ್ಕು ಪಾಲು ಮಾತ್ರ. ಚಾಸಿಯಂತಹ ತೆಳು ತಗಡಿನ ತೊಲೆಯಲ್ಲಿ ಹೆಚ್ಚಿನ ಭಾರ ಹೊರುವುದು ಮಡಚಿದ ಅಂಚುಗಳೇ ಆದ್ದರಿಂದ ಅಲ್ಲಿ ನಷ್ಟ ಇನ್ನೂ ದೊಡ್ಡದು. ಬೆಸುಗೆಯ ಕಾವಿನಿಂದ ಅಕ್ಕಪಕ್ಕದ ಉಕ್ಕಿನ ಗುಣವೂ ಬದಲಾಗುತ್ತದೆ. ಬಿರುಕು ಒಂದೇ ದಿನ ಕಾಣಿಸುವುದಿಲ್ಲ. ಸಾವಿರಾರು ಕುಲುಕಾಟಗಳ ನಂತರ, ಕಚ್ಚಿನ ಮೂಲೆಯಿಂದ, ಕೆಸರು ಮೆತ್ತಿದ ಜಾಗದಲ್ಲಿ ಅದು ಹುಟ್ಟುತ್ತದೆ.

ಇನ್ನೊಂದು ಅಪಾಯ ಹಲವು ಚಾಲಕರ ಗಮನಕ್ಕೇ ಬಂದಿಲ್ಲ. ಅನೇಕ ಸರಕು ವಾಹನಗಳಲ್ಲಿ ಚಾಸಿಗೂ ಆಕ್ಸಲ್ಲಿಗೂ ನಡುವೆ ಸರಳೊಂದರ ಮೂಲಕ ಕೆಲಸ ಮಾಡುವ ಬ್ರೇಕ್ ಕವಾಟವಿದೆ. ಹೊರೆ ಹೆಚ್ಚಿ ಚಾಸಿ ಕುಸಿದಾಗ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿ ಇದ್ದಾಗ ತಗ್ಗಿಸುತ್ತದೆ. ಕವಾಟವನ್ನು ಮತ್ತೆ ಹೊಂದಿಸದೆ ವಾಹನವನ್ನು ತಗ್ಗಿಸಿದರೆ ಖಾಲಿ ಗಾಡಿಯನ್ನೂ ಅದು ತುಂಬಿದ ಗಾಡಿಯೆಂದೇ ಭಾವಿಸುತ್ತದೆ. ಘಟ್ಟದ ಇಳಿಜಾರಿನಲ್ಲಿ, ಮಳೆಗಾಲದ ಜಾರುವ ಡಾಂಬರಿನ ಮೇಲೆ ಬ್ರೇಕ್ ಒತ್ತಿದೊಡನೆ ಹಿಂದಿನ ಚಕ್ರಗಳು ಕಚ್ಚಿಕೊಂಡು ವಾಹನ ಅಡ್ಡ ತಿರುಗಬಹುದು. ಹೊರೆಯಾಸೆಗೆ ಪಾಟಾದ ಮೇಲೆ ಪಾಟಾ ಸೇರಿಸುವವರ ಗತಿ ಇದಕ್ಕೆ ವಿರುದ್ಧ: ತುಂಬಿದ ಗಾಡಿಯೂ ಕುಸಿಯದ ಕಾರಣ ಹಿಂದಿನ ಬ್ರೇಕಿಗೆ ಬೇಕಾದ ಒತ್ತಡವೇ ಸಿಗುವುದಿಲ್ಲ.

ದೀಪದ ಲೆಕ್ಕವೂ ಇದೆ. ಚಕ್ರಗಳ ನಡುವೆ ಸುಮಾರು 3 ಮೀಟರ್ ಅಂತರವಿರುವ ವಾಹನದ ಹಿಂಭಾಗವನ್ನಷ್ಟೇ 10 ಸೆಂಟಿಮೀಟರ್ ತಗ್ಗಿಸಿದರೆ, 30 ಮೀಟರ್ ಮುಂದೆ ಅದರ ಬೆಳಕು ಸುಮಾರು 1 ಮೀಟರ್ ಮೇಲೇರುತ್ತದೆ. ಎದುರಿನಿಂದ ಬರುವ ಸೈಕಲ್ ಸವಾರನ, ಕಬ್ಬಿನ ಗಾಡಿ ಹೊಡೆಯುವವನ ಕಣ್ಣಿಗೆ ಅದು ಕತ್ತಲೆಯನ್ನೇ ತರುತ್ತದೆ. ವಾಹನ ನನ್ನದು, ಹಣ ನನ್ನದು ಎನ್ನುವ ವಾದ ಇಲ್ಲಿಗೆ ಮುರಿದುಬೀಳುತ್ತದೆ. ಶೋಕಿ ಒಬ್ಬನದಾದರೂ ಅದರ ಭಾರವನ್ನು ಹೊರುವವರು ದಾರಿಯಲ್ಲಿರುವ ಇತರರು.

ತಗ್ಗಿಸುವುದರ ಹಿಂದೆ ಶೋಕಿಯೊಂದೇ ಇರಬೇಕೆಂದೇನೂ ಇಲ್ಲ. ತಗ್ಗಾದ ತಳವಿದ್ದರೆ ಚೀಲ ಏರಿಸುವ ಹಮಾಲರ ಬೆನ್ನಿಗೆ ಸುಖ ಎಂಬ ಮಾತಿದೆ. ಅದು ಗೌರವಕ್ಕೆ ಅರ್ಹವಾದ ಮಾತು. ಆ ಸುಖಕ್ಕೆ ಚಾಸಿ ಕೊಯ್ಯಬೇಕಾಗಿಲ್ಲ. ಕಾರ್ಖಾನೆಯಲ್ಲೇ ಚಾಸಿಯನ್ನು ಆಕ್ಸಲ್ಲಿನ ಮೇಲೆ ಕಮಾನಿನಂತೆ ಬಾಗಿಸಿ, ಎತ್ತರ ಕುಂದದಂತೆ ರೂಪಿಸಲು ಸಾಧ್ಯವಿದೆ. ತಳ ತಗ್ಗಾದ ವಾಹನವನ್ನು ಕೊಳ್ಳುವುದು, ಉಗ್ರಾಣದಲ್ಲಿ ಪಿಕಪ್ಪಿನ ತಳದ ಎತ್ತರಕ್ಕೆ ಒಂದು ಕಟ್ಟೆ ಕಟ್ಟುವುದು ಉಕ್ಕು ಕೊಯ್ಯುವುದಕ್ಕಿಂತ ಸರಿಯಾದ ದಾರಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆನೆಲದ ನಮ್ಮ ಹೊಲದ ದಾರಿಗಳಲ್ಲಿ ನೆಲಕ್ಕೆ ತಾಗುವ ವಾಹನ ಎಷ್ಟು ದೂರ ಹೋದೀತು ಎಂಬುದನ್ನೂ ಯೋಚಿಸಬೇಕು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶ ಮಾಡಿತು. ಸರಕು ವಾಹನಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿ ವರ್ಷ ಅರ್ಹತಾ ಪತ್ರ ಪಡೆಯಬೇಕು. ಆ ತಪಾಸಣೆಯ ದಿನ ಬಣ್ಣ, ದೀಪಗಳನ್ನು ನೋಡಿದರೆ ಸಾಲದು. ವಾಹನದ ಅಡಿಗೆ ಬಗ್ಗಿ ಚಾಸಿಯ ಕೆಳಅಂಚನ್ನೂ ನೋಡಬೇಕು.

ಬೆಸುಗೆಯವನನ್ನೇ ಅಪರಾಧಿಯಾಗಿಸಿ ಕೈತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ದಿನದ ದುಡಿಮೆಯವನು ಗಿರಾಕಿಗೆ ಇಲ್ಲವೆನ್ನುವುದು ಕಷ್ಟ. ಆದ್ದರಿಂದ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಗ್ಯಾರೇಜಿನವರು ಒಟ್ಟಾಗಿ ಕುಳಿತು, ಚಾಸಿಗೆ ಕಟರ್ ಹಚ್ಚುವ ಕೆಲಸವನ್ನು ಯಾರೂ ಹಿಡಿಯುವುದಿಲ್ಲವೆಂದು ತೀರ್ಮಾನಿಸಲಿ. ಒಬ್ಬನೇ ನಿರಾಕರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ; ಎಲ್ಲರೂ ನಿರಾಕರಿಸಿದರೆ ಮನೆಗೆ ಮರಳುತ್ತಾನೆ. ಹಂಗಾಮಿನ ಮೊದಲ ಗಾಡಿ ರಸ್ತೆಗಿಳಿಯುವ ಮುನ್ನವೇ ಈ ಮಾತುಕತೆ ನಡೆಯಬೇಕು.