ಅಗ್ಗದ ಮದ್ದಿನ ನಿಜವಾದ ಬೆಲೆ

ಕೊಬ್ಬರಿ ಮಾರಲು ಅರಸೀಕೆರೆಯ ಪೇಟೆಗೆ ಬಂದ ಗೃಹಸ್ಥರೊಬ್ಬರು ಮಗನ ನೆಗಡಿಗೆಂದು ಮದ್ದಿನಂಗಡಿಯಲ್ಲಿ ನಾಲ್ಕು ಆಂಟಿಬಯಾಟಿಕ್ ಗುಳಿಗೆಗಳನ್ನು ಕೊಂಡರೆನ್ನಿ. ವೈದ್ಯರ ಚೀಟಿಯಿಲ್ಲ, ಖರ್ಚೂ ಅಲ್ಪ. ಎರಡು ಗುಳಿಗೆ ಮುಗಿಯುವಷ್ಟರಲ್ಲಿ ಹುಡುಗನು ಆಡತೊಡಗುವನು; ಉಳಿದೆರಡು ಗೂಡು ಸೇರುವುವು. ಇದರಲ್ಲಿ ನಷ್ಟವೇನೆಂದು ವಾಚಕರು ಕೇಳಬಹುದು.

ನಷ್ಟವುಂಟು. ನೆಗಡಿಯನ್ನು ತರುವುದು ವೈರಾಣು. ಅದರ ಮೇಲೆ ಈ ಮದ್ದು ನಡೆಯದು. ಆದರೆ ದೇಹದಲ್ಲಿರುವ ಬ್ಯಾಕ್ಟೀರಿಯಗಳಲ್ಲಿ ದುರ್ಬಲವಾದುವು ಸತ್ತು, ಮದ್ದನ್ನು ತಾಳಬಲ್ಲವು ಉಳಿದು ವೃದ್ಧಿಯಾಗುತ್ತವೆ. ನಾಳೆ ಆ ಹುಡುಗನಿಗೇ ನ್ಯುಮೋನಿಯ ಬಂದರೆ ಮದ್ದು ಕೈಕೊಡಬಹುದು. ಪೆನಿಸಿಲಿನ್ನನ್ನು 1928ರಲ್ಲಿ ಕಂಡ ಫ್ಲೆಮಿಂಗ್ ಮಹಾಶಯರು 1945ರ ನೊಬೆಲ್ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಸೂಚಿಸಿದ್ದರು.

ಮದ್ದು ಇಷ್ಟು ಅಗ್ಗವಾದುದು ಹೇಗೆ? ನಮ್ಮ 1970ರ ಪೇಟೆಂಟ್ ಕಾಯಿದೆಯು ಮದ್ದಿಗಲ್ಲದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿತು. 2005ರಲ್ಲಿ ಆ ನಿಯಮ ಬದಲಾಗುವವರೆಗೆ ಒಂದೇ ಮದ್ದನ್ನು ಹಲವು ಕಾರ್ಖಾನೆಗಳು ತಯಾರಿಸಿದುವು. ಪೈಪೋಟಿಯಿಂದ ಬೆಲೆ ಇಳಿಯಿತು. ಬಡವರಿಗೆ ಅದು ದೊಡ್ಡ ಉಪಕಾರವೇ ಸರಿ. ಆದರೆ ಅಗ್ಗದ ಸರಕಿನಲ್ಲಿ ಲಾಭ ಬರಬೇಕಾದರೆ ಹೆಚ್ಚು ಮಾರಬೇಕು. ಅಗತ್ಯವಿಲ್ಲದೆಡೆ ಮಾರಿದಷ್ಟೂ ಮದ್ದಿನ ಬಲ ಕುಂದುವುದು.

ಹಾಗಾದರೆ ಹೊಸ ಮದ್ದು ಬರಬೇಡವೆ? ಅಲ್ಲಿ ವ್ಯಾಪಾರದ ಲೆಕ್ಕವೇ ತಲೆಕೆಳಗು. ಹೊಸ ಮದ್ದನ್ನು ಹಳೆಯವು ಸೋತಾಗ ಮಾತ್ರ ಕೊಡತಕ್ಕದ್ದು. ‘ಉಗ್ರಾಣ ತುಂಬಿರಲಿ, ಮಾರಬೇಡ’ ಎಂದರೆ ಯಾವ ಕೊಬ್ಬರಿ ವರ್ತಕನು ಬಂಡವಾಳ ಹೂಡುವನು? ಅಮೆರಿಕದ ಅಕಾಯೊಜೆನ್ ಕಂಪನಿಯ ಪ್ಲಾಜೊಮೈಸಿನ್ ಎಂಬ ಮದ್ದಿಗೆ 2018ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. 2019ರಲ್ಲಿ ಕಂಪನಿಯೇ ದಿವಾಳಿಯೆದ್ದಿತು. ಆಸ್ಟ್ರಾಜೆನೆಕಾ ಕಂಪನಿಯು ಕ್ಷಯರೋಗದ ಮದ್ದನ್ನು ಅರಸುತ್ತಿದ್ದ ತನ್ನ ಬೆಂಗಳೂರಿನ ಸಂಶೋಧನಾಲಯವನ್ನು ಮುಚ್ಚುವುದಾಗಿ 2014ರಲ್ಲಿ ಸಾರಿತು. ಅದೇ ವರ್ಷ ಅದೇ ನಗರದಲ್ಲಿ ಬಗ್‌ವರ್ಕ್ಸ್ ಎಂಬ ಸಣ್ಣ ಸಂಸ್ಥೆಯು ಹೊಸ ಆಂಟಿಬಯಾಟಿಕ್ಕಿಗಾಗಿ ಹುಟ್ಟಿದ್ದು ಸಮಾಧಾನದ ಸಂಗತಿ.

ಇದಕ್ಕೆ ಇಂಗ್ಲೆಂಡ್ ಒಂದು ಉಪಾಯ ಹೂಡಿತು. 2022ರಲ್ಲಿ ಎರಡು ಮದ್ದುಗಳಿಗೆ, ಎಷ್ಟು ಬಳಕೆಯಾದರೂ ಸರಿಯೆಂದು, ತಯಾರಕರಿಗೆ ವರ್ಷಕ್ಕಿಷ್ಟೆಂದು ಹಣ ಗೊತ್ತುಮಾಡಿತು. ನಮ್ಮ ಹಿರಿಯರು ನೀರುಗಂಟಿಗೆ ಆಯ ಕೊಟ್ಟುದು ಹರಿಸಿದ ನೀರನ್ನು ಅಳೆದಲ್ಲ, ಕೆರೆ ಕಾಯ್ದುದಕ್ಕಾಗಿ.

ಮದ್ದಿನ ಬಲವೂ ಹಳೇಬೀಡಿನ ದ್ವಾರಸಮುದ್ರದ ಕೆರೆಯಂತೆ ಎಲ್ಲರ ಸೊತ್ತು. ಸುಮ್ಮನೆ ತೂಬು ತೆರೆದರೆ ಬರಗಾಲಕ್ಕೆ ನೀರೆಲ್ಲಿ? 2014ರ ಮಾರ್ಚ್ 1ರಿಂದ ಎಚ್-1 ಪಟ್ಟಿಯ ಮದ್ದುಗಳನ್ನು ಚೀಟಿಯಿಲ್ಲದೆ ಮಾರಕೂಡದು, ಮಾರಿದುದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬ ಕಾನೂನು ಬಂದಿದೆ. ಆದರೆ ಮನೆಯ ಗೂಡಿಗೆ ಕಾವಲು ಗೃಹಸ್ಥರೇ. ವೈದ್ಯರು ಹೇಳದೆ ಕೊಳ್ಳದಿರುವುದು, ಹೇಳಿದಷ್ಟು ದಿನ ಸೇವಿಸುವುದು, ಉಳಿದುದನ್ನು ನೆರೆಮನೆಗೆ ಕೊಡದಿರುವುದು: ಇಷ್ಟೇ ನಮ್ಮ ಪಾಲಿನ ಕೆರೆಗೆಲಸ.