ನೋವಿಲ್ಲ ಅಂತ ಸುಮ್ಮನಿರಬೇಡಿ

ಮೂತ್ರದಲ್ಲಿ ಒಮ್ಮೆ ರಕ್ತ ಕಂಡಿತು, ನೋವಿಲ್ಲ. 'ಉಷ್ಣ ಆಗಿರಬೇಕು' ಅಂತ ಬಾರ್ಲಿ ನೀರು ಕುಡಿದು ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ಮುಟ್ಟು ನಿಂತವರೂ ಹೀಗೇ! ಕಾರಣ ಕಲ್ಲೋ ಸೋಂಕೋ ಇರಬಹುದು. ಆದರೆ ಕಿಡ್ನಿ ಕ್ಯಾನ್ಸರ್ ಕೂಡ ಮೊದಮೊದಲು ನೋಯುವುದಿಲ್ಲ. ಎಷ್ಟೋ ಸಲ ಪಿತ್ತಕೋಶದ ಕಲ್ಲಿಗೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಾಣಿಸುತ್ತದೆ. ಯೂರಿನ್ ಟೆಸ್ಟ್, ಹೊಟ್ಟೆಯ ಸ್ಕ್ಯಾನಿಂಗ್ ಯಲಹಂಕ, ಆರ್.ಟಿ. ನಗರದಲ್ಲೇ ಆಗುತ್ತೆ.

ಬೇಗ ಪತ್ತೆಯಾದರೆ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಗಡ್ಡೆ ಚಿಕ್ಕದಿದ್ದರೆ ಅಷ್ಟನ್ನೇ ತೆಗೆದು ಕಿಡ್ನಿ ಉಳಿಸುವುದೂ ಉಂಟು. ಇಡೀ ಕಿಡ್ನಿ ಹೋದರೂ, ಇನ್ನೊಂದು ಚೆನ್ನಾಗಿದ್ದರೆ ಅದೇ ಸಾಕು. ಕೂದಲು ಉದುರುತ್ತೆ ಅನ್ನೋ ಭಯವೂ ಬೇಡ, ಇದಕ್ಕೆ ಸಾಮಾನ್ಯವಾಗಿ ಕೀಮೋ ಕೊಡುವುದಿಲ್ಲ.

ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಆರು ವಾರವಾದರೂ ಯಜಮಾನರೋ ಮಕ್ಕಳೋ ಎತ್ತಲಿ. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ನೀವೇ ಮಾತ್ರೆ ತಂದು ನುಂಗಬೇಡಿ. ಡೈಕ್ಲೊಫಿನಾಕ್, ಬ್ರೂಫೆನ್‌ನಂಥವು ಉಳಿದ ಕಿಡ್ನಿಗೇ ಪೆಟ್ಟು ಕೊಡಬಹುದು. ಬಿ.ಪಿ. ಹಿಡಿತದಲ್ಲಿರಲಿ. 'ಹುಷಾರಾಗಿದೀನಲ್ಲ, ಹೆಬ್ಬಾಳದ ಟ್ರಾಫಿಕ್ ದಾಟಿ ಕಿದ್ವಾಯಿವರೆಗೆ ಯಾರು ಹೋಗ್ತಾರೆ' ಅಂತ ಚೆಕಪ್ ತಪ್ಪಿಸುವವರಿದ್ದಾರೆ. ಈ ಕಾಯಿಲೆ ವರ್ಷಗಳ ಮೇಲೂ ಮರುಕಳಿಸಬಲ್ಲದು. ಡಾಕ್ಟರು ಬರೆದ ತಾರೀಖನ್ನು, ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಆ ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಿ.