ಇದು ಯಾರ ಹಾಡು?

ನಮ್ಮವರಲ್ಲಿ ಯಾರನ್ನಾದರೂ ಹಿಡಿದು ನಿಲ್ಲಿಸಿ, ರೇಡಿಯೋದಲ್ಲಿ ಬರ್ತಿರೋದು ಯಾರ ಹಾಡು ಅಂತ ಕೇಳಿ ನೋಡಿ. ಥಟ್ ಅಂತ ಉತ್ತರ ಬರುತ್ತೆ: "ಅಣ್ಣಾವ್ರದ್ದು", "ವಿಷ್ಣುದು", "ಶಂಕರ್‌ನಾಗ್‌ದು". ಹಾಡಿದವರು ಪಿ.ಬಿ. ಶ್ರೀನಿವಾಸ್ ಆಗಿರಬಹುದು, ಎಸ್ಪಿಬಿ ಆಗಿರಬಹುದು, ಬರೆದವರು ಚಿ. ಉದಯಶಂಕರ್ ಆಗಿರಬಹುದು, ಆದರೆ ಖಾತೆ ಮಾತ್ರ ತೆರೆಯ ಮೇಲೆ ತುಟಿ ಆಡಿಸಿದವರ ಹೆಸರಿಗೆ! 1974ರ 'ಸಂಪತ್ತಿಗೆ ಸವಾಲ್' ಆದಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನ ತಾವೇ ಹಾಡತೊಡಗಿದರು. ಅದಕ್ಕೆ ಮೊದಲಿನ ಎಷ್ಟೋ ಹಾಡುಗಳು ಪಿಬಿಎಸ್ ದನಿಯವು. ನಮ್ಮ ಲೆಕ್ಕದಲ್ಲಿ ಮಾತ್ರ ಎಲ್ಲವೂ ಅಣ್ಣಾವ್ರ ಹಾಡೇ.

ಅದು ತಪ್ಪು ಅಂತ ನಾನು ಹೇಳ್ತಿಲ್ಲ, ಪ್ರೀತಿ ಇರೋ ಕಡೆ ಲೆಕ್ಕ ಯಾರು ನೋಡ್ತಾರೆ? ಸಿನಿಮಾ ಹಾಡಿಗೆ ಬೆನ್ನಿಗೊಂದು ಕತೆ ಇರುತ್ತೆ, ಮುಂದೊಬ್ಬ ಹೀರೋ ಇರ್ತಾನೆ, ಅದು ಹೇಗೋ ಬದುಕಿಕೊಳ್ಳುತ್ತೆ. ನನ್ನ ತಕರಾರು ಇರೋದು ಉಳಿದ ಹಾಡುಗಳ ಬಗ್ಗೆ. ಯಾವ ಸಿನಿಮಾಕ್ಕೂ ಸೇರದ, ಯಾವ ನಾಯಕನೂ ಮರ ಸುತ್ತದ, ಒಬ್ಬ ಮನುಷ್ಯ ತನಗೆ ಹೇಳಬೇಕು ಅನ್ನಿಸಿದ್ದನ್ನ ತಾನೇ ಕಟ್ಟಿ ಹಾಡಿದ ಹಾಡಿಗೆ ನಮ್ಮಲ್ಲಿ ವಾರಸುದಾರರು ಯಾರು? ಕೇಳುಗರಾದ ನಾವೇ ಅಂತ ನನ್ನ ವಾದ. ಅಂಥ ಹಾಡಿನ ಜೊತೆ ಅದರ ಕತೆಯನ್ನೂ ನಾವೇ ಕಾಪಾಡದಿದ್ದರೆ ಮುಂದಿನ ತಲೆಮಾರಿಗೆ ಎರಡೂ ಸಿಗೋದಿಲ್ಲ. ಇದನ್ನ ನನಗೆ ಕಲಿಸಿದ್ದು, ನಂಬಿದ್ರೆ ನಂಬಿ, ಈ ನ್ಯೂಜಿಲೆಂಡು.

ಇಲ್ಲಿಗೆ ಬಂದ ಹೊಸತರಲ್ಲಿ ಎಲ್ಲರ ಹಾಗೆ ನಾನೂ ಕಾರಿನಲ್ಲಿ ಊರಿಂದ ತಂದ ಸಿಡಿಗಳನ್ನೇ ತಿರುವಿ ಮುರುವಿ ಕೇಳ್ತಿದ್ದೆ. ಅವು ಬೇಜಾರಾದಾಗ ರೇಡಿಯೋ ತಿರುಗಿಸ್ತಾ ಸಿಕ್ಕಿದ್ದು 95ಬಿಎಫ್‌ಎಂ, 1969ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹುಟ್ಟುಹಾಕಿದ ಸ್ಟೇಷನ್ನು. ಅಲ್ಲಿ ಬರೋ ಹಾಡುಗಳಲ್ಲಿ ಮುಕ್ಕಾಲುಪಾಲು ನನಗೆ ಗೊತ್ತಿಲ್ಲದವರದ್ದು. ಆದರೆ ಹಾಡು ಮುಗಿದಮೇಲೆ ಇದು ಯಾವ ಊರಿನ ಹುಡುಗರು, ಎಲ್ಲಿ ರೆಕಾರ್ಡ್ ಮಾಡಿದ್ದು, ಯಾಕೆ ಬರೆದದ್ದು ಅಂತ ಎರಡು ಮಾತು ಹೇಳ್ತಿದ್ದರು. ನನ್ನನ್ನ ಹಿಡಿದು ಕೂರಿಸಿದ್ದು ಆ ಎರಡು ಮಾತು.

ಇಲ್ಲಿ ಯಾರಿಗೆ ಕೇಳಿದರೂ ಗೊತ್ತಿರೋ ಒಂದು ಹಾಡಿನ ಕತೆ ಹೇಳ್ತೀನಿ. ಉತ್ತರ ದ್ವೀಪದ ಪಶ್ಚಿಮ ಕರಾವಳಿಯಲ್ಲಿ, ತಾರಾನಾಕಿ ಪ್ರಾಂತ್ಯದಲ್ಲಿ ಪಾಟಿಯಾ ಅಂತ ಒಂದು ಸಣ್ಣ ಊರು. ಊರಿಗೆ ಅನ್ನ ಹಾಕ್ತಿದ್ದದ್ದು ಒಂದು ಮಾಂಸದ ಕಾರ್ಖಾನೆ. 1982ರಲ್ಲಿ ಅದಕ್ಕೆ ಬೀಗ ಬಿತ್ತು. ಕೋಲಾರದ ಚಿನ್ನದ ಗಣಿ ಮುಚ್ಚಿದಾಗ ಕೆಜಿಎಫ್‌ಗೆ ಏನಾಯ್ತೋ, ಸಣ್ಣ ಪ್ರಮಾಣದಲ್ಲಿ ಪಾಟಿಯಾಗೂ ಅದೇ ಆಯ್ತು. ಆ ಊರಿನ ಹುಡುಗ ಡಾಲ್ವೇನಿಯಸ್ ಪ್ರೈಮ್ ಆಸ್ಟ್ರೇಲಿಯಾದಲ್ಲಿ ಇಂಗ್ಲಿಷ್ ಹಾಡು ಹಾಡಿ ಒಂದಷ್ಟು ಹೆಸರು ಮಾಡಿದ್ದವನು. ತಾಯಿಗೆ ಕಾಯಿಲೆ ಅಂತ ಊರಿಗೆ ವಾಪಸ್ ಬಂದಿದ್ದ.

ಆತನಿಗೆ 1982ರಲ್ಲಿ ಟೊಕೊಮಾರು ಬೇ ಅನ್ನೋ ಊರಲ್ಲಿ ನ್ಗೋಯ್ ಪೇಫಾಯ್‌ರಂಗಿ ಅನ್ನೋ ಹಿರಿಯಾಕೆಯ ಭೇಟಿಯಾಯ್ತು. ಆಕೆ ಮಾವೊರಿ ಭಾಷೆಯ ಮೇಷ್ಟ್ರಮ್ಮ, ಕವಿ, ದೊಡ್ಡವರಿಗೆ ಭಾಷೆ ಕಲಿಸೋ 'ತೆ ಆತಾರಂಗಿ' ಚಳವಳಿ ಕಟ್ಟಿದವರಲ್ಲಿ ಒಬ್ಬರು. ಪಟ್ಟಣ ಸೇರಿದ ಮಾವೊರಿ ಮಕ್ಕಳು ತಮ್ಮ ಭಾಷೆಯನ್ನ ಮರೀತಿದ್ದಾರೆ, ಅವರಿಗೆ ಇಷ್ಟವಾಗೋ ಕುಣಿತದ ಧಾಟಿಯಲ್ಲೇ ಅವರದ್ದೇ ಭಾಷೆಯನ್ನ ಕಿವಿಗೆ ಹಾಕಬೇಕು ಅನ್ನೋದು ಇಬ್ಬರ ಯೋಚನೆ. ಮಾತು ಆಕೆಯದ್ದು, ಸಂಗೀತ ಈತನದ್ದು. ಹಾಗೆ ಹುಟ್ಟಿದ್ದೇ 'ಪೊಯ್ ಎ'. ಪೊಯ್ ಅಂದ್ರೆ ದಾರಕ್ಕೆ ಕಟ್ಟಿ ಬೀಸೋ ಚೆಂಡು, ಮಾವೊರಿ ಹೆಣ್ಣುಮಕ್ಕಳ ಕುಣಿತದಲ್ಲಿ ನೋಡಿರ್ತೀರಿ. ಹಾಡಿನಲ್ಲಿ ಆ ಚೆಂಡು ಕಾಡಿನ ಮರಗಳ ನಡುವೆ ಚಕಚಕನೆ ನುಸುಳೋ ಬೀಸಣಿಗೆ ಬಾಲದ ಹಕ್ಕಿಯಾಗುತ್ತೆ. ಹಳ್ಳಿಯಿಂದ ಪಟ್ಟಣಕ್ಕೆ ಬಂದ ಹುಡುಗರೂ ಹಾಗೇ ದಾರಿ ಹುಡುಕಿಕೊಳ್ಳಬೇಕು ಅನ್ನೋದು ಒಳಗಿನ ಮಾತು.

ರೆಕಾರ್ಡ್ ಕಂಪನಿಗಳು ಇದನ್ನ ಮುಟ್ಟಲಿಲ್ಲ. ಮಾವೊರಿ ಹಾಡನ್ನ ಯಾರು ಕೊಳ್ತಾರೆ? (ಈ ಪ್ರಶ್ನೆ ಕನ್ನಡದವರಿಗೆ ಹೊಸದೇನಲ್ಲ ಬಿಡಿ.) ಡಾಲ್ವೇನಿಯಸ್ ತಾನೇ ಮಾಉಯಿ ರೆಕಾರ್ಡ್ಸ್ ಅಂತ ಕಂಪನಿ ತೆಗೆದ, ಊರಿನ ಪಾಟಿಯಾ ಮಾವೊರಿ ಕ್ಲಬ್ಬಿನವರ ಕೈಲಿ ಹಾಡಿಸಿದ. 1984ರಲ್ಲಿ ಅದು ನಾಲ್ಕು ವಾರ ದೇಶದಲ್ಲೇ ನಂಬರ್ ಒನ್ ಆಗಿ ಕೂತಿತು, ಆ ವರ್ಷ ನ್ಯೂಜಿಲೆಂಡಿನಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡಾಯ್ತು. ಆಗಿನ್ನೂ ಮಾವೊರಿಗೆ ಅಧಿಕೃತ ಭಾಷೆಯ ಪಟ್ಟವೂ ಇರಲಿಲ್ಲ, ಅದು ಸಿಕ್ಕಿದ್ದು 1987ರಲ್ಲಿ. ನ್ಗೋಯ್ 1985ರಲ್ಲಿ ತೀರಿಕೊಂಡರು, ಡಾಲ್ವೇನಿಯಸ್ 2002ರಲ್ಲಿ. ಹಾಡು ಮಾತ್ರ 2010ರಲ್ಲಿ 'ಬಾಯ್' ಸಿನಿಮಾ ಬಂದಾಗ ಮತ್ತೆ ಪಟ್ಟಿ ಹತ್ತಿತು. 2016ರಲ್ಲಂತೂ ಆ ಒಂದು ಹಾಡಿನ ಮೇಲೇ ಪೂರ್ತಿ ಒಂದು ಸಾಕ್ಷ್ಯಚಿತ್ರ ಬಂತು!

ಮೊದಲ ಸಲ ಕೇಳಿದಾಗ ನನಗೆ ಅದು ಮದುವೆ ಮನೇಲಿ ಹಾಕೋ ಕುಣಿತದ ಹಾಡು ಅನ್ನಿಸಿತ್ತು. ಕತೆ ಗೊತ್ತಾದಮೇಲೆ ಅದೇ ಹಾಡಲ್ಲಿ ಬೀಗ ಬಿದ್ದ ಕಾರ್ಖಾನೆಯೂ ಮೇಷ್ಟ್ರಮ್ಮನ ಆತಂಕವೂ ಕೇಳಿಸ್ತವೆ. ಆ ಆತಂಕ ದಂಡವಾಗಲಿಲ್ಲ ಅನ್ನೋದಕ್ಕೆ ಇವತ್ತು 'ಏಲಿಯನ್ ವೆಪನ್ರಿ' ಅನ್ನೋ ಹುಡುಗರ ಬ್ಯಾಂಡಿದೆ. ಮಾವೊರಿ ಮಾಧ್ಯಮದ ಶಾಲೆಯಲ್ಲಿ ಓದಿದ ಅಣ್ಣತಮ್ಮಂದಿರು ಕಟ್ಟಿದ ಹೆವಿ ಮೆಟಲ್ ಬ್ಯಾಂಡು. ಅವರ ಒಂದು ಹಾಡು, 1864ರ ಗೇಟ್ ಪಾ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿದ ತಮ್ಮ ಪೂರ್ವಜನ ಮೇಲೆ. ಅದನ್ನ ಯೂರೋಪಿನ ಮೆಟಲ್ ಜಾತ್ರೆಗಳಲ್ಲಿ ನಿಂತು ಮಾವೊರಿಯಲ್ಲೇ ಹಾಡ್ತಾರೆ.

ಇದು ಭಾಷೆಯ ಕತೆ ಆಯ್ತು. ಭಾಷೆಯ ಹಂಗಿಲ್ಲದ, ಇಂಗ್ಲಿಷಿನಲ್ಲೇ ಹಾಡಿದವರ ಕತೆಗಳೂ ಇವೆ, ಅದಕ್ಕೆ ದಕ್ಷಿಣ ದ್ವೀಪಕ್ಕೆ ಹೋಗಬೇಕು. 1981ರಲ್ಲಿ ಕ್ರೈಸ್ಟ್‌ಚರ್ಚಿನ ರೋಜರ್ ಶೆಪರ್ಡ್ ಅನ್ನೋನು 'ಫ್ಲೈಯಿಂಗ್ ನನ್' ಅಂತ ಪುಟ್ಟ ಕಂಪನಿ ಶುರುಮಾಡಿದ. ಅದು ಹೊರತಂದ ಮೊದಮೊದಲ ಹಾಡುಗಳಲ್ಲೊಂದು, ದಿ ಕ್ಲೀನ್ ತಂಡದ 'ಟ್ಯಾಲಿ ಹೋ', ಸುಮಾರು 50 ಡಾಲರಿನಲ್ಲಿ ರೆಕಾರ್ಡ್ ಆಗಿ ದೇಶದ ಟಾಪ್ 20ರೊಳಗೆ ನುಗ್ಗಿತು. ಮರುವರ್ಷ ಕ್ರಿಸ್ ನಾಕ್ಸ್ ಅನ್ನೋ ಹಾಡುಗಾರ ತನ್ನ ನಾಲ್ಕು ಟ್ರ್ಯಾಕಿನ ಟೇಪ್ ರೆಕಾರ್ಡರ್ ಇಟ್ಟುಕೊಂಡು ಡನೀಡಿನ್ ಊರಿನ ನಾಲ್ಕು ತಂಡಗಳ ಹಾಡು ಹಿಡಿದ. ಸ್ಟುಡಿಯೋ ಬಾಡಿಗೆಗೆ ದುಡ್ಡಿಲ್ಲದ ಹುಡುಗರ ಆ ಗುಂಯ್‌ಗುಡೋ ಗಿಟಾರಿಗೆ ಮುಂದೆ ಜಗತ್ತು 'ಡನೀಡಿನ್ ಸೌಂಡ್' ಅಂತ ಹೆಸರಿಟ್ಟಿತು.

ಆ ನಾಲ್ಕರಲ್ಲಿ ಒಂದು ತಂಡ ದಿ ಚಿಲ್ಸ್. ಅದರ ಹಾಡುಗಾರ ಮಾರ್ಟಿನ್ ಫಿಲಿಪ್ಸ್, ಡ್ರಮ್ ಬಾರಿಸ್ತಿದ್ದವನು ಮಾರ್ಟಿನ್ ಬುಲ್. ಬುಲ್‌ಗೆ ರಕ್ತದ ಕ್ಯಾನ್ಸರು. 1983ರಲ್ಲಿ ತೀರಿಕೊಳ್ಳೋ ಮುಂಚೆ ತನ್ನ ತೊಗಲಿನ ಜಾಕೆಟ್ಟನ್ನ ಗೆಳೆಯನಿಗೆ ಬಿಟ್ಟು ಹೋದ. 1986ರಲ್ಲಿ ಫಿಲಿಪ್ಸ್ ಆ ಜಾಕೆಟ್ಟಿನ ಮೇಲೇ ಒಂದು ಹಾಡು ಬರೆದ. ಕೇಳಿದರೆ ಅದು ಶೋಕಗೀತೆ ಅಂತ ಅನ್ನಿಸೋದೇ ಇಲ್ಲ, ಜೋರು ಗಿಟಾರು, ಕಾಲು ತಾಳ ಹಾಕುತ್ತೆ. ಯಾವನೋ ಫ್ಯಾಷನ್ ಹುಡುಗ ತನ್ನ ಬಟ್ಟೆ ಹೊಗಳಿಕೊಳ್ತಿದ್ದಾನೆ ಅಂದ್ಕೋಬೇಕು. ಸತ್ತ ಗೆಳೆಯನ ಜಾಕೆಟ್ಟು ಅಂತ ಗೊತ್ತಾದ ಕ್ಷಣಕ್ಕೆ ಆ ಖುಷಿಯ ತಾಳವೇ ಗಂಟಲು ಕಟ್ಟಿಸುತ್ತೆ. ಫಿಲಿಪ್ಸ್ ಕೂಡ 2024ರಲ್ಲಿ ಹೋಗಿಬಿಟ್ಟ.

ಟೇಪ್ ರೆಕಾರ್ಡರಿನ ಕ್ರಿಸ್ ನಾಕ್ಸ್‌ಗೆ 2009ರಲ್ಲಿ ಪಾರ್ಶ್ವವಾಯು ಬಡಿಯಿತು, ಮಾತು ಹೋಯ್ತು. ಆಗ ದೇಶ ವಿದೇಶದ ಸಂಗೀತಗಾರರು ಸೇರಿ ಆತನ ಹಾಡುಗಳನ್ನ ಹಾಡಿ, ಒಂದು ಆಲ್ಬಮ್ ಮಾಡಿ, ಅದರಿಂದ ಬಂದ ದುಡ್ಡನ್ನ ಆತನಿಗೆ ಕೊಟ್ಟರು. ಹಾಡಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಿರೋ ಸಮಾಜ ಆ ಮನುಷ್ಯನಿಗೆ ಕಷ್ಟ ಬಂದಾಗ ಎದ್ದು ನಿಲ್ಲುತ್ತೆ.

ಇಲ್ಲೊಂದು ಆಕ್ಷೇಪ ಬರುತ್ತೆ, ನನ್ನ ಗೆಳೆಯರೇ ಎತ್ತಿದ್ದು. "ಹಾಡು ಚೆನ್ನಾಗಿದ್ದರೆ ಸಾಕು ಕಣಯ್ಯ, ಅಡುಗೆಯವನ ಜಾತಕ ಕಟ್ಟಿಕೊಂಡು ಊಟಕ್ಕೇನು?" ನ್ಯಾಯವಾದ ಮಾತೇ. ಟೀವಿಯ ಹಾಡಿನ ಸ್ಪರ್ಧೆಗಳಲ್ಲಿ ನೋಡ್ತೀವಲ್ಲ, ಮಗು ಹಾಡೋಕೆ ಮೊದಲೇ ಅದರ ಬಡತನ, ಅಮ್ಮನ ಕಣ್ಣೀರು, ಹಿನ್ನೆಲೆಯಲ್ಲಿ ಪಿಟೀಲು... ಅಲ್ಲಿ ಹಾಡು ಸೋತರೂ ಕತೆ ಗೆಲ್ಲುತ್ತೆ. ಅಂಥ ಕತೆ ನನಗೂ ಬೇಡ. ನನ್ನ ಅಳತೆಗೋಲು ಸರಳ: ಮೊದಲು ಹಾಡು ಕೇಳಬೇಕು, ಅದು ಹಿಡಿಸಬೇಕು, ಆಮೇಲೆ ಕತೆ. ಕತೆ ಕೇಳಿ ಮತ್ತೆ ಹಾಡಿಗೆ ಹೋದಾಗ, ಮೊದಲು ಕೇಳಿಸದೇ ಇದ್ದದ್ದೇನಾದರೂ ಕೇಳಿಸಿದರೆ ಆ ಕತೆ ಹಾಡಿಗೆ ಸೇರಿದ್ದು. ಇಲ್ಲದಿದ್ದರೆ ಅದು ಬರೀ ಜಾಹೀರಾತು.

ಈಗ ನಮ್ಮ ಮನೆಗೆ ಬರೋಣ. ಸಿನಿಮಾದ ಹೊರಗೆ ಹಾಡು ಕಟ್ಟೋದು ನಮಗೆ ಹೊಸದಲ್ಲ. ಶಿಶುನಾಳ ಶರೀಫರು (1819-1889) ಯಾವ ಕಂಪನಿ ನಂಬಿ ಹಾಡಿದರು? ಸೋರೋ ಮನೆ, ಸೇದೋ ಗುಡುಗುಡಿ, ಕಂಡದ್ದನ್ನೆಲ್ಲ ಹಾಡಾಗಿಸಿದರು. ಮುಸ್ಲಿಮರ ಮನೆಯ ಮಗನಿಗೆ ಕಳಸದ ಗೋವಿಂದಭಟ್ಟರು ಗುರುವಾದ ಕತೆ ಆ ಹಾಡುಗಳ ಜೊತೆಗೇ ಬಾಯಿಂದ ಬಾಯಿಗೆ ಬಂತು. ಆ ಕತೆ ತೆಗೆದುಬಿಟ್ಟರೆ ಹಾಡು ಅರ್ಧ ಆಗುತ್ತೆ ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. 1978ರಲ್ಲಿ ನಿಸಾರ್ ಅಹಮದ್ ಅವರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಹೊರಬಂತು, ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಅಂತಲೇ ಅದನ್ನ ಕರೀತಾರೆ. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಕವಿಯ ಹೆಸರು ಮಾತ್ರ. ಸಿ. ಅಶ್ವಥ್ ಅವರಿಂದಾಗಿ ಶರೀಫಜ್ಜ ಮತ್ತೆ ಮನೆಮನೆಗೆ ಬಂದರು. ಕ್ಯಾಸೆಟ್ಟಿನೊಳಗೆ ಮಡಿಸಿಟ್ಟ ಕಾಗದ ನೆನಪಿದೆಯಾ? ಕವಿ ಯಾರು, ರಾಗ ಯಾರದ್ದು, ಹಾಡಿದವರು ಯಾರು, ಎಲ್ಲ ಅದರಲ್ಲಿ ಇರ್ತಿತ್ತು. ನಾನು ಕವಿಗಳ ಹೆಸರು ಕಲಿತದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಆ ಕಾಗದದಿಂದ.

ಅದಾದಮೇಲೆ ರಘು ದೀಕ್ಷಿತ್. ಹಲವು ವರ್ಷ ಕಂಪನಿಗಳ ಬಾಗಿಲು ತಟ್ಟಿದಮೇಲೆ 2008ರಲ್ಲಿ ವಿಶಾಲ್-ಶೇಖರ್ ತಮ್ಮದೇ ಕಂಪನಿಯಿಂದ ಅವರ ಮೊದಲ ಆಲ್ಬಮ್ ತಂದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಏರಿದರು. ಇವರ ನಂತರ ಬಂದ ಕನ್ನಡದ ಬ್ಯಾಂಡುಗಳು, ರ್‍ಯಾಪ್ ಹಾಡೋ ಹುಡುಗ ಹುಡುಗಿಯರು ಇವತ್ತು ಎಷ್ಟೋ ಜನ ಇದ್ದಾರೆ. ಇಷ್ಟಿದ್ದೂ ನಮ್ಮ ರಾಜ್ಯೋತ್ಸವಗಳಲ್ಲಿ, ಬೆಂಗಳೂರೋ ಆಕ್ಲೆಂಡೋ ಯಾವುದಾದರೂ ಇರಲಿ, ಮಕ್ಕಳು ಕುಣಿಯೋದು ಕಳೆದ ವರ್ಷದ ಹಿಟ್ ಸಿನಿಮಾದ ಹಾಡಿಗೆ.

ತುರ್ತು ಯಾಕೆ ಅಂದ್ರೆ ಆ ಮಡಿಸಿದ ಕಾಗದ ಈಗಿಲ್ಲ. ಫೋನಿನಲ್ಲಿ ಹಾಡಿನ ಚಿತ್ರ ಅಂಗೈಯಗಲ ಬರುತ್ತೆ, ಒಂದು ಮುಗಿಯೋದರೊಳಗೆ ಇನ್ನೊಂದು ಶುರು. ದುಡ್ಡಿನ ಲೆಕ್ಕ ಇನ್ನೂ ಬಿಗಿ: 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದಿದ್ದರೆ ಆ ರೆಕಾರ್ಡಿಂಗಿಗೆ ಬಿಡಿಗಾಸೂ ಇಲ್ಲ. ಸಣ್ಣ ಭಾಷೆಯ ಹೊಸ ಹಾಡುಗಾರನಿಗೆ ಒಂದು ಸಾವಿರ ಅಂದ್ರೆ ಸಣ್ಣ ಸಂಖ್ಯೆ ಅಲ್ಲ. ಅದೇ ಬ್ಯಾಂಡ್‌ಕ್ಯಾಂಪಿನಂಥ ಕಡೆ ನೇರ ಕೊಂಡರೆ, ಅವರು ಶೇಕಡಾ 15ರಷ್ಟು ಮುರಿದುಕೊಂಡು, ಪಾವತಿಯ ಖರ್ಚು ಕಳೆದು, ಉಳಿದದ್ದನ್ನ ಹಾಡಿದವರಿಗೇ ಕೊಡ್ತಾರೆ. ನಮ್ಮ ಒಂದು ಕಾಫಿಯ ದುಡ್ಡು, ಅಷ್ಟೇ.

ದುಡ್ಡಿಗಿಂತ ದೊಡ್ಡದು ನೆನಪು. ನ್ಯೂಜಿಲೆಂಡಿನ ಜನಸಂಖ್ಯೆ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. ಆದರೂ 2013ರಲ್ಲಿ ಸರ್ಕಾರದ ನೆರವಿಂದ 'ಆಡಿಯೋಕಲ್ಚರ್' ಅಂತ ಶುರುಮಾಡಿ, ತಮ್ಮ ಒಂದೊಂದು ಬ್ಯಾಂಡು, ಒಂದೊಂದು ಹಾಡು, ಮುಚ್ಚಿಹೋದ ಸ್ಟುಡಿಯೋ, ಎಲ್ಲದರ ಕತೆ ಬರೆದಿಡ್ತಿದ್ದಾರೆ. ನಮ್ಮ ಅನಂತಸ್ವಾಮಿ ಇಲ್ಲ, ಅಶ್ವಥ್ 2009ರಲ್ಲಿ ಹೋದರು, ನಿಸಾರ್ 2020ರಲ್ಲಿ. ಅವರ ಜೊತೆ ತಬಲಾ, ಕೊಳಲು ನುಡಿಸಿದವರು, ಕೋರಸ್ ಹಾಡಿದವರು ಎಷ್ಟೋ ಮಂದಿ ಇನ್ನೂ ಇದ್ದಾರೆ. ಆ ರಾಗ ಹೇಗೆ ಹುಟ್ಟಿತು, ರೆಕಾರ್ಡಿಂಗ್ ದಿನ ಏನಾಯ್ತು ಅಂತ ಅವರನ್ನ ಈಗ ಕೇಳಿ ಬರೆದುಕೊಳ್ಳದಿದ್ದರೆ ಇನ್ಯಾವಾಗ?

ಮಾಡಬೇಕಾದ್ದು ದೊಡ್ಡದೇನಲ್ಲ. ಸಿನಿಮಾದ್ದಲ್ಲದ ಒಂದು ಕನ್ನಡ ಹಾಡು ಹುಡುಕಿ, ಪೂರ್ತಿ ಕೇಳಿ. ಹಿಡಿಸಿದರೆ ಕೊಂಡುಕೊಳ್ಳಿ. ಹಾಡಿದವರಿಗೊಂದು ಸಾಲು ಬರೆದು, ಇದನ್ನ ಯಾಕೆ ಕಟ್ಟಿದಿರಿ ಅಂತ ಕೇಳಿ. ನಾನು ಇಲ್ಲಿ ಎಷ್ಟೋ ಜನಕ್ಕೆ ಹಾಗೆ ಬರೆದಿದ್ದೀನಿ, ಬಹಳ ಮಂದಿ ಖುಷಿಯಿಂದ ಉತ್ತರ ಕೊಟ್ಟಿದ್ದಾರೆ. ಕೇಳೋರು ಸಿಕ್ಕಿದ್ದೇ ಅವರಿಗೆ ಹಬ್ಬ. ಬಂದ ಉತ್ತರವನ್ನ ಕನ್ನಡದಲ್ಲೇ ಎಲ್ಲಾದರೂ ಬರೆದಿಡಿ, ಮನೆಯಲ್ಲಿ ಮಕ್ಕಳಿಗೂ ಹೇಳಿ. ಸಾಗರದಾಚೆ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡದ ಸಾಲು ಅರ್ಥವಾಗೋಕೆ ತಡವಾಗಬಹುದು, ಆದರೆ ಸತ್ತ ಗೆಳೆಯನ ಜಾಕೆಟ್ಟೂ, ಸೋರೋ ಮನೆಯ ಅಜ್ಜನೂ ಯಾವ ಮಗುವಿಗೂ ಅರ್ಥವಾಗುತ್ತೆ. ಕತೆಯ ಕೈ ಹಿಡಿದು ಮಗು ಹಾಡಿಗೆ ಬರುತ್ತೆ, ಹಾಡಿನ ಕೈ ಹಿಡಿದು ಭಾಷೆಗೂ ಬಂದೀತು. ಏನಂತೀರಿ?